ಸರ್ಕಾರದ ಔಷಧಿ ಖರೀದಿ, ರೈತನ ಸಾಲ

(ಬಂಗಾರಪೇಟೆ ತಾಲ್ಲೂಕಿನ ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತು ನಾನು ಮಾತಾಡಬೇಕಾಗಿದ್ದು ಟೊಮೆಟೊ ಬೆಲೆಯ ಬಗ್ಗೆ. ಅದನ್ನು ಬಿಟ್ಟು ಆಸ್ಪತ್ರೆ ಮಾತ್ರೆಯ ಬಗ್ಗೆ ಮಾತಾಡ್ತೀನಿ ಅಂದಾಗ ನಮ್ಮ ಕಾರ್ಯದರ್ಶಿಗಳು "ಏನಣ್ಣಾ, ಯಾವಾಗ ಡಾಕ್ಟರಾದೆ?" ಅಂದರು. ನಾನು ಡಾಕ್ಟರಲ್ಲ. ಹಳ್ಳಿ ಹೈಸ್ಕೂಲಿನಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವನು. ಆದರೆ ಮೂವತ್ತೈದು ವರ್ಷದಿಂದ ಮಂಡಿಗೆ ಮಾಲು ಹಾಕ್ತಿದ್ದೀನಿ. ಕೊಳ್ಳೋರು ಹತ್ತು ಜನ ನಿಂತರೆ ಬೆಲೆ ಹೆಂಗಿರುತ್ತೆ, ಇಬ್ಬರೇ ನಿಂತರೆ ಹೆಂಗಿರುತ್ತೆ ಅನ್ನೋದು ನನಗೂ ಗೊತ್ತು, ನಿಮಗೂ ಗೊತ್ತು. ಸರ್ಕಾರ ಔಷಧಿ ಕೊಳ್ಳೋದೂ ಒಂದು ವ್ಯಾಪಾರ. ಆ ವ್ಯಾಪಾರ ಕೆಟ್ಟರೆ ಅದರ ನಷ್ಟ ಯಾರ ಮನೆ ಬಾಗಿಲಿಗೆ ಬರುತ್ತೆ ಅನ್ನೋದೇ ನನ್ನ ಮಾತು.

ಹೋದ ತಿಂಗಳು ನಾವು ನಾಲ್ಕು ಜನ ಕೂತು ನಮ್ಮೂರಿನ ಸಾಲದ ಲೆಕ್ಕ ಬರೆದೆವು. ಬ್ಯಾಂಕಿನದು, ಸೊಸೈಟಿಯದು, ಚೀಟಿಯದು, ಕೈಸಾಲ, ಎಲ್ಲ. ಯಾಕೆ ಮಾಡಿದಿರಿ ಅಂತ ಕೇಳಿದರೆ ಮನೆ ಮನೆಗೂ ಮೂರೇ ಬಾಬ್ತು. ಬೋರ್‌ವೆಲ್ಲು, ಮದುವೆ, ಆಸ್ಪತ್ರೆ. ಬೋರ್‌ವೆಲ್ ಸಾಲದ ಬಗ್ಗೆ ನಾವು ರಸ್ತೆ ತಡೆ ಮಾಡಿದ್ದೀವಿ, ಕೋಲಾರಕ್ಕೆ ಜಾಥಾ ಹೋಗಿದ್ದೀವಿ. ಮದುವೆ ಸಾಲಕ್ಕೆ ನಾವೇ ಹೊಣೆ, ಅದನ್ನ ಬಿಡಿ. ಆಸ್ಪತ್ರೆ ಸಾಲದ ಬಗ್ಗೆ ಮಾತ್ರ ಯಾವ ರೈತ ಸಭೆಯಲ್ಲೂ ಬಾಯಿ ಬಿಟ್ಟಿಲ್ಲ. ಅದು ಹಣೆಬರಹ ಅಂದುಕೊಂಡು ಸುಮ್ಮನಿದ್ದೀವಿ.

ಅದರಲ್ಲೂ ದೊಡ್ಡ ಆಪರೇಷನ್ನಿನ ಬಿಲ್ಲು ಎಲ್ಲರ ಕಣ್ಣಿಗೆ ಕಾಣುತ್ತೆ. ಕಾಣದೆ ಸುಲಿಯೋದು ತಿಂಗಳ ಮಾತ್ರೆ. ನಮ್ಮ ತಾಯಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇತ್ತು. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಡಾಕ್ಟರು ಚೆನ್ನಾಗಿಯೇ ನೋಡೋರು. ಯಾವ ಆಸ್ಪತ್ರೆ ಅಂತ ಹೇಳಲ್ಲ, ಅಲ್ಲಿ ಕೆಲಸ ಮಾಡೋರು ನಮ್ಮ ಮಕ್ಕಳೇ. ಔಷಧಿ ಕೊಡೋ ಕಿಟಕಿಗೆ ಬಂದರೆ, ಚೀಟಿಯಲ್ಲಿ ಬರೆದ ನಾಲ್ಕರಲ್ಲಿ ಒಂದು ಇರೋದು, ಮೂರಕ್ಕೆ "ಹೊರಗಡೆ ತಗೊಳ್ಳಿ". ಒಂದು ಸಲ ಅಲ್ಲ, ವರ್ಷಗಟ್ಟಲೆ. ಎದುರಿನ ಅಂಗಡಿಯಲ್ಲಿ ತಿಂಗಳು ತಿಂಗಳು ಎಣಿಸಿಕೊಟ್ಟೆವು. ದನ ಹಾಲು ಬಿಟ್ಟ ತಿಂಗಳಲ್ಲಿ ಅರ್ಧ ಮಾತ್ರೆ ತಗೊಂಡೆವು. ಕೊನೆಗೆ ಆಕೆಗೆ ಪಾರ್ಶ್ವವಾಯು ಹೊಡೆಯಿತು. ಆಗ ನನ್ನ ಹೆಂಡತಿಯ ಕಿವಿ ಓಲೆ, ಸರ ಅಡವಿಗೆ ಹೋದವು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಚಿನ್ನ ಅಗೆದು ಪ್ರಪಂಚಕ್ಕೆ ಕೊಟ್ಟ ನೆಲ ನಮ್ಮದು, ನಮ್ಮ ಹೆಂಗಸರ ಕುತ್ತಿಗೆಯ ಚಿನ್ನ ಮಾತ್ರ ಅಂಗಡಿಯವನ ಬೀರುವಿನಲ್ಲಿ.

ಆ ಮೂರು ಮಾತ್ರೆ ಕಿಟಕಿಯಲ್ಲಿ ಯಾಕೆ ಇರಲಿಲ್ಲ? ಇದನ್ನ ಹಿಡಕೊಂಡು ಹೊರಟೆ. ಕೆಲವು ಕಡೆ ಓದಿದೆ, ಕೆಲವರನ್ನ ಕೇಳಿದೆ. ಗೊತ್ತಾಗಿದ್ದನ್ನ ನಮ್ಮ ಭಾಷೆಯಲ್ಲಿ ಹೇಳ್ತೀನಿ.

ಆವಣಿ ಜಾತ್ರೆಯಲ್ಲಿ ದನದ ವ್ಯಾಪಾರ ನೋಡಿದ್ದೀರಲ್ಲ. ದಲ್ಲಾಳಿ ಕೈ ಮೇಲೆ ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು ಬೆಲೆ ಹೇಳ್ತಾನೆ. ಮಾರೋನಿಗೆ ಒಂದು ಬೆರಳು, ಕೊಳ್ಳೋನಿಗೆ ಇನ್ನೊಂದು. ಪಕ್ಕದಲ್ಲಿ ನಿಂತವನಿಗೆ ಏನೂ ಗೊತ್ತಾಗಲ್ಲ. ಮಧ್ಯದ ವ್ಯತ್ಯಾಸ ಯಾರ ಜೇಬಿಗೆ ಹೋಯಿತು ಅನ್ನೋದು ಆ ಟವೆಲ್ಲಿಗೇ ಗೊತ್ತು. ಇದು ಒಂದು ಪದ್ಧತಿ.

ಇನ್ನೊಂದು ಕೋಲಾರದ ಟೊಮೆಟೊ ಮಾರ್ಕೆಟ್ಟಿನ ಬಹಿರಂಗ ಹರಾಜು. ಅಲ್ಲಿಯೂ ಮೋಸ ಉಂಟು, ನಾನೇನು ಅದನ್ನ ಹೊಗಳೋಕೆ ಬಂದಿಲ್ಲ. ಆದರೆ ಹೊರ ರಾಜ್ಯದ ವ್ಯಾಪಾರಿಗಳು ಲಾರಿ ತಗೊಂಡು ಬಂದ ದಿನ ನಮ್ಮ ಬಾಕ್ಸಿನ ಬೆಲೆ ಏರುತ್ತೆ, ಬರದ ದಿನ ಸ್ಥಳೀಯರು ನಾಲ್ಕು ಜನ ಕಣ್ಣಲ್ಲೇ ಮಾತಾಡಿಕೊಂಡು ಇಳಿಸ್ತಾರೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತಲ್ಲ, ಮಾಲು ಕಡಿಮೆ, ಕೊಳ್ಳೋರು ಜಾಸ್ತಿ. ಅದೇ ಟೊಮೆಟೊವನ್ನ ನಾವು ರಸ್ತೆಗೆ ಸುರಿದಿದ್ದೂ ಉಂಟು. ಪೈಪೋಟಿ ಅಂದ್ರೆ ಇಷ್ಟೇ. ನಾವು ಮಾರುವಾಗ ಕೊಳ್ಳೋರು ಹೆಚ್ಚಬೇಕು. ಸರ್ಕಾರ ಕೊಳ್ಳುವಾಗ ಮಾರೋರು ಹೆಚ್ಚಬೇಕು.

ಸರ್ಕಾರದ ಟೆಂಡರು ಈ ಎರಡಕ್ಕೂ ಮಧ್ಯದ್ದು. ಎಲ್ಲರೂ ಬೆಲೆ ಬರೆದು ಮುಚ್ಚಿದ ಲಕೋಟೆ ಕೊಡ್ತಾರೆ. ಈಗೀಗ ಕಂಪ್ಯೂಟರಿನಲ್ಲಿ ಹಾಕ್ತಾರೆ. ತೆರೆಯೋವರೆಗೂ ಗುಟ್ಟು, ತೆರೆದ ಮೇಲೆ ಎಲ್ಲ ಬಯಲು. ಟವೆಲ್ ವ್ಯಾಪಾರದಲ್ಲಿ ಕೊನೆವರೆಗೂ ಗುಟ್ಟು. ವ್ಯತ್ಯಾಸ ಅಷ್ಟೇ, ಆದರೆ ಆ ವ್ಯತ್ಯಾಸ ಕೋಟಿಗಟ್ಟಲೆ ರೂಪಾಯಿನದು.

ಇದು ಸರಿಯಾಗಿ ನಡೆದರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗೋದು ಬೇಡ. ಕಾಮಸಮುದ್ರ ದಾಟಿದರೆ ತಮಿಳುನಾಡು. ನಮ್ಮಲ್ಲಿ ಎಷ್ಟೋ ಜನ ವೇಪನಪಲ್ಲಿ, ಕೃಷ್ಣಗಿರಿ ಕಡೆಗೆ ಹೆಣ್ಣು ಕೊಟ್ಟಿದ್ದೀರಿ, ತಂದಿದ್ದೀರಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯ ಮಾತ್ರೆ ಪಟ್ಟಿ ನೋಡಿದ್ದೀರಾ? ಅದರ ಮೇಲೆ ಅಲ್ಲಿನ ಸರ್ಕಾರದ ಸರಬರಾಜು, ಮಾರಾಟಕ್ಕಲ್ಲ ಅಂತ ಅಚ್ಚು ಹಾಕಿರ್ತಾರೆ. ಅದನ್ನ ಕದ್ದು ಅಂಗಡಿಯಲ್ಲಿ ಮಾರೋ ಹಾಗಿಲ್ಲ, ಮಾರಿದರೆ ಸಿಕ್ಕಿಬೀಳ್ತಾನೆ. ಸಣ್ಣ ವಿಷಯ ಅನ್ನಿಸುತ್ತೆ, ಅಲ್ಲವಾ? ಅದರ ಹಿಂದೆ ಒಂದು ದೊಡ್ಡ ಕೆಲಸ ಇದೆ.

1994ರಲ್ಲಿ ತಮಿಳುನಾಡು ಸರ್ಕಾರ ಔಷಧಿ ಕೊಳ್ಳೋದಕ್ಕೇ ಒಂದು ಬೇರೆ ನಿಗಮ ಮಾಡಿತು. ತಮಿಳುನಾಡು ವೈದ್ಯಕೀಯ ಸೇವಾ ನಿಗಮ. ಮೊದಲು ಮಾಡಿದ ಕೆಲಸ, ಔಷಧಿಗಳ ಉದ್ದದ ಪಟ್ಟಿಯನ್ನ ಕತ್ತರಿಸಿ, ನಿಜವಾಗಿ ಬೇಕಾದವನ್ನ ಉಳಿಸಿಕೊಂಡಿದ್ದು. ಅದೂ ಕಂಪನಿಯ ಹೆಸರಿನಲ್ಲಲ್ಲ, ಔಷಧಿಯ ಮೂಲ ಹೆಸರಿನಲ್ಲಿ. ಇದು ಯಾಕೆ ಮುಖ್ಯ ಅಂದ್ರೆ, ಕಂಪನಿ ಹೆಸರು ಬರೆದರೆ ಮಾರೋನು ಒಬ್ಬನೇ. ಮೂಲ ಹೆಸರು ಬರೆದರೆ ಅದನ್ನ ಮಾಡೋ ಎಲ್ಲ ಕಾರ್ಖಾನೆಗಳೂ ಸಾಲಿನಲ್ಲಿ ನಿಲ್ತವೆ. ಅಂಗಡಿಯಲ್ಲಿ "ಸುಫಲಾ ಕೊಡಿ" ಅಂದರೆ ಒಬ್ಬನದೇ ಮೂಟೆ. "15-15-15 ಕಾಂಪ್ಲೆಕ್ಸ್ ಯಾವುದಿದೆ?" ಅಂದರೆ ನಾಲ್ಕು ಮೂಟೆ ತೋರಿಸ್ತಾನೆ.

ಎರಡನೆಯದು, ಏಜೆಂಟರನ್ನ ದೂರ ಇಟ್ಟು ತಯಾರಿಸೋ ಕಾರ್ಖಾನೆಯಿಂದಲೇ ಕೊಂಡಿದ್ದು. ಎರಡು ಲಕೋಟೆ. ಮೊದಲನೆಯದರಲ್ಲಿ ಕಾರ್ಖಾನೆಯ ಯೋಗ್ಯತೆ: ಲೈಸೆನ್ಸ್ ಇದೆಯಾ, ತಯಾರಿಕೆ ಸರಿಯಾ, ಎಷ್ಟು ವರ್ಷದಿಂದ ಈ ಔಷಧಿ ಮಾಡ್ತಿದ್ದಾನೆ. ಇದರಲ್ಲಿ ಪಾಸಾದವರದು ಮಾತ್ರ ಎರಡನೆಯ ಲಕೋಟೆ, ಅಂದರೆ ಬೆಲೆಯದ್ದು, ತೆರೆಯೋದು. ಕಡಿಮೆ ಬೆಲೆ ಹಾಕಿದವನಿಗೆ ಆರ್ಡರು. ಅವನೊಬ್ಬನಿಂದ ಆಗದಿದ್ದರೆ ಮಿಕ್ಕವರಿಗೂ ಅದೇ ಬೆಲೆಗೆ ಒಪ್ಪಿದರೆ ಪಾಲು. ಮಾಲು ಜಿಲ್ಲಾ ಉಗ್ರಾಣಕ್ಕೆ ಬರಬೇಕು. ಬಂದ ಮೇಲೆ ಪ್ರತಿ ಬ್ಯಾಚಿನಿಂದ ಮಾದರಿ ತೆಗೆದು, ಕಂಪನಿ ಹೆಸರು ಮುಚ್ಚಿ, ಪ್ರಯೋಗಾಲಯಕ್ಕೆ ಕಳಿಸೋದು. ಪಾಸಾಗದೆ ಒಂದು ಮಾತ್ರೆಯೂ ಆಸ್ಪತ್ರೆಗೆ ಹೋಗೋ ಹಾಗಿಲ್ಲ. ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್ಕು, ಸೊಸೈಟಿ ಪಾಸ್‌ಬುಕ್ಕಿನ ಹಾಗೆ. ಇಷ್ಟು ರೂಪಾಯಿ ನಿಮ್ಮ ಲೆಕ್ಕದಲ್ಲಿದೆ, ಬೇಕಾದ ಔಷಧಿ ಎತ್ತಿಕೊಳ್ಳಿ. ಜ್ವರದ ಮಾತ್ರೆ ಬೇಕಾದ ಊರಿಗೆ ಕೆಮ್ಮಿನ ಔಷಧಿ ತುಂಬಿ ಕಳಿಸೋ ಕಥೆ ಅಲ್ಲಿ ಕಡಿಮೆಯಾಯಿತು.

ಬೆಲೆ ಇಳಿಯಿತು. ಅದೇ ದುಡ್ಡಿಗೆ ಹೆಚ್ಚು ಔಷಧಿ ಬಂತು. ಕೇರಳ, ರಾಜಸ್ಥಾನದಂಥ ರಾಜ್ಯಗಳು ಬಂದು ನೋಡಿಕೊಂಡು ಹೋದವು. ರಾಜಸ್ಥಾನ ಇದೇ ದಾರಿಯಲ್ಲಿ 2011ರ ಅಕ್ಟೋಬರ್ 2ರಿಂದ ಸರ್ಕಾರಿ ಆಸ್ಪತ್ರೆಗೆ ಬಂದವರಿಗೆಲ್ಲ ಉಚಿತ ಔಷಧಿ ಯೋಜನೆ ಶುರು ಮಾಡಿತು. ತಮಿಳುನಾಡಿನಲ್ಲಿ ಎಲ್ಲ ಸುವರ್ಣಯುಗ ಅಂತ ನಾನು ಹೇಳಲ್ಲ. ಆದರೆ ಒಂದು ಪದ್ಧತಿ ಮಾಡಿ, ಯಾವ ಪಕ್ಷ ಬಂದರೂ ಅದನ್ನ ಕೆಡಿಸದೆ ಮೂವತ್ತು ವರ್ಷ ನಡೆಸಿದರು. ನಮಗಿಂತ ಒಂದು ಹೊಳೆ ಆಚೆ.

ನಮ್ಮ ರಾಜ್ಯ ಸುಮ್ಮನಿತ್ತಾ? ಇಲ್ಲ. 1999ರಲ್ಲೇ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯಿದೆ ಮಾಡಿದರು. ಸರ್ಕಾರದ ದುಡ್ಡಿನಲ್ಲಿ ಏನೇ ಕೊಂಡರೂ ಬಹಿರಂಗ ಟೆಂಡರು ಕರೆಯಬೇಕು ಅಂತ. ಒಳ್ಳೆಯ ಕಾಯಿದೆ. ಅದೇ ವರ್ಷ ಡಾ. ಎಚ್. ಸುದರ್ಶನ್ ಅವರ ನೇತೃತ್ವದಲ್ಲಿ ಆರೋಗ್ಯ ಕಾರ್ಯಪಡೆ ನೇಮಿಸಿದರು; 2001ರಲ್ಲಿ ಅದು ಕೊಟ್ಟ ವರದಿ ಇಲಾಖೆಯ ಭ್ರಷ್ಟಾಚಾರವನ್ನ ಮುಚ್ಚಿಡದೆ ಹೇಳಿತು. ಆಮೇಲೆ ಔಷಧಿಗೆ ಅಂತಲೇ ಒಂದು ಸೊಸೈಟಿ ಬಂತು, ಜಿಲ್ಲಾ ಉಗ್ರಾಣಗಳು ಬಂದವು, ಈಗ ಅದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಆಗಿದೆ. ಬೋರ್ಡು ಬದಲಾಯಿತು. ಕಿಟಕಿಯಲ್ಲಿ "ಹೊರಗಡೆ ತಗೊಳ್ಳಿ" ಅನ್ನೋ ಮಾತು ಮಾತ್ರ ಬದಲಾಗಲಿಲ್ಲ.

ಯಾಕೆ? ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಬೇಕು.

ಟೆಂಡರು ಕರೆಯೋದು ಬಿತ್ತನೆ ಹಾಗೆ, ಹದ ತಪ್ಪಬಾರದು. ಹಳೆಯ ದರದ ಒಪ್ಪಂದ ಮುಗಿಯೋಕೆ ಮುಂಚೆ ಹೊಸ ಟೆಂಡರು ಮುಗಿದಿರಬೇಕು. ನಮ್ಮಲ್ಲಿ ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗೋ ಹೊತ್ತಿಗೆ ಉಗ್ರಾಣ ಖಾಲಿ. ಖಾಲಿಯಾದಾಗ ಆಸ್ಪತ್ರೆಯವರು ಏನು ಮಾಡ್ತಾರೆ? ಆರೋಗ್ಯ ರಕ್ಷಾ ಸಮಿತಿಯ ದುಡ್ಡಿನಲ್ಲೋ, ತುರ್ತು ದುಡ್ಡಿನಲ್ಲೋ ಸ್ಥಳೀಯವಾಗಿ ಕೊಳ್ತಾರೆ. ಹತ್ತು ಬಾಕ್ಸು, ಇಪ್ಪತ್ತು ಬಾಕ್ಸು. ಆ ಸಣ್ಣ ಖರೀದಿಗೆ ಯಾವ ಕಾರ್ಖಾನೆ ಪೈಪೋಟಿಗೆ ಬರುತ್ತೆ? ಪಟ್ಟಣದ ಅಂಗಡಿಯವನು ಹೇಳಿದ್ದೇ ರೇಟು. ಬೆಂಗಳೂರಿನಲ್ಲಿ ಲಕ್ಷ ಲಕ್ಷ ಮಾತ್ರೆಯ ಟೆಂಡರಿನಲ್ಲಿ ಪೈಸೆ ಪೈಸೆ ಉಳಿಸಿದ್ದು ತಾಲ್ಲೂಕಿನಲ್ಲಿ ರೂಪಾಯಿ ರೂಪಾಯಿ ಸೋರಿಹೋಗುತ್ತೆ. ಆ ಸಮಿತಿಯ ದುಡ್ಡೂ ಮುಗಿದರೆ ಆಗ ನೀವೇ ಸ್ಥಳೀಯ ಖರೀದಿ! ನಿಮ್ಮ ಜೇಬೇ ಸಮಿತಿ. ಅಲ್ಲಿ ಉಳಿಸಿದೆವು ಅಂತ ಲೆಕ್ಕದಲ್ಲಿ ತೋರಿಸ್ತಾರೆ. ಆ ಖರ್ಚು ಎಲ್ಲೂ ಹೋಗಿಲ್ಲ, ರೈತನ ಸಾಲದ ಪತ್ರಕ್ಕೆ ವರ್ಗಾವಣೆಯಾಗಿದೆ.

ಇನ್ನೊಂದು, ಬಟವಾಡೆ. ಡೇರಿಯವರು ಬಟವಾಡೆ ತಡ ಮಾಡಿದರೆ ನಾವು ಏನು ಮಾಡ್ತೀವಿ? ಖಾಸಗಿಯವನಿಗೆ ಹಾಲು ಹಾಕ್ತೀವಿ. ಕಬ್ಬಿನ ಕಾರ್ಖಾನೆ ಬಾಕಿ ಉಳಿಸಿಕೊಂಡರೆ ಮಂಡ್ಯದವರು ಬೆಲ್ಲದ ಆಲೆಮನೆಗೆ ಕಬ್ಬು ಹೊಡೀತಾರೆ. ಔಷಧಿ ಕಾರ್ಖಾನೆಯವನೂ ಹಾಗೆಯೇ. ಸರ್ಕಾರ ಮಾಲು ತಗೊಂಡು ತಿಂಗಳಾನುಗಟ್ಟಲೆ ದುಡ್ಡು ಕೊಡದಿದ್ದರೆ ಒಳ್ಳೆಯವನು ಮುಂದಿನ ಟೆಂಡರಿಗೆ ಬರಲ್ಲ. ಬರೋರು ಎರಡೇ ಜಾತಿ. ಬಡ್ಡಿ ಸೇರಿಸಿ ಮೊದಲೇ ಬೆಲೆ ಏರಿಸೋನು, ಇಲ್ಲ ಮಾಲಿನಲ್ಲಿ ಕೈಯಾಡಿಸೋನು. ಪೈಪೋಟಿ ಬೇಕು ಅಂದರೆ ಮೊದಲು ಸರ್ಕಾರ ಒಳ್ಳೆ ಗಿರಾಕಿ ಆಗಬೇಕು. ಕೊಡೋ ದುಡ್ಡನ್ನ ಹೊತ್ತಿಗೆ ಸರಿಯಾಗಿ ಕೊಡಬೇಕು. ಬಾಕಿ ಬರದೆ ಒದ್ದಾಡಿದ ನಮಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಷರತ್ತು ಹೊಲಿಯೋದು ಅಂತ ಒಂದಿದೆ. ಟೆಂಡರಿನಲ್ಲಿ ಬೇಕಾದ ಯೋಗ್ಯತೆ ಬರೀವಾಗ ಒಬ್ಬನಿಗೆ ಮಾತ್ರ ಹೊಂದೋ ಹಾಗೆ ಬರೆಯೋದು. ನಿಮ್ಮ ಎತ್ತಿನ ಬಣ್ಣ, ಕೊಂಬಿನ ವಾರೆ, ಬಾಲದ ಸುಳಿ ನೋಡಿಕೊಂಡು ಆಮೇಲೆ "ಇಂಥಾ ಎತ್ತು ಬೇಕಾಗಿದೆ" ಅಂತ ಡಂಗುರ ಹೊಡೆಸಿದಂಗೆ. ಇಲ್ಲವೇ ಒಂದೇ ಮನೆಯವರು ಮೂರು ಹೆಸರಿನಲ್ಲಿ ಮೂರು ಲಕೋಟೆ ಹಾಕೋದು. ಇದು ಔಷಧಿಗೆ ಮಾತ್ರ ಅಲ್ಲ, ಕೆರೆ ಹೂಳೆತ್ತೋ ಟೆಂಡರಿನಲ್ಲೂ ನೋಡಿದ್ದೀರಿ, ಹೆಚ್ಚಿಗೆ ಹೇಳಲ್ಲ.

ಕಾಯಿದೆಯಲ್ಲೇ ಒಂದು ಕಿಂಡಿಯೂ ಇದೆ. ತುರ್ತು ಬಂದರೆ ಟೆಂಡರಿಲ್ಲದೆ ಕೊಳ್ಳಬಹುದು. ಬೇಕು, ಮನೆಗೆ ಬೆಂಕಿ ಬಿದ್ದಾಗ ಬಿಂದಿಗೆಗೆ ಟೆಂಡರು ಕರೆಯೋಕಾಗಲ್ಲ. ಆದರೆ ಕೋವಿಡ್ ಕಾಲದ ಖರೀದಿಗಳ ಮೇಲೆ ಎಷ್ಟು ಆಪಾದನೆ ಬಂತು ಅಂದರೆ 2023ರಲ್ಲಿ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಅವರ ವಿಚಾರಣಾ ಆಯೋಗ ಮಾಡಬೇಕಾಯಿತು, 2024ರಲ್ಲಿ ಅದು ಮಧ್ಯಂತರ ವರದಿ ಕೊಟ್ಟಿತು. ಆ ಪಕ್ಷ ಈ ಪಕ್ಷದ ಮಾತು ನನಗೆ ಬೇಡ. ಯಾವ ಪಕ್ಷದ ಕಾಲದಲ್ಲೇ ಆಗಲಿ, ಕಿಂಡಿ ದೊಡ್ಡದಾದರೆ ಅದು ಹೆಬ್ಬಾಗಿಲಾಗುತ್ತೆ.

(ಈ ಹಂತದಲ್ಲಿ ಸಭೆಯಲ್ಲಿದ್ದ ಒಬ್ಬ ಹಿರಿಯರು ಎದ್ದು ನಿಂತು, "ಅಪ್ಪಾ, ಅಗ್ಗದ ಮಾತ್ರೆ ಕೆಲಸ ಮಾಡುತ್ತಾ? ಕಮ್ಮಿ ರೇಟಿಂದು ಅಂದ್ರೆ ಸುಣ್ಣದ ಉಂಡೆ ಅಂತಾರಲ್ಲ?" ಎಂದು ಕೇಳಿದರು.)

ತಾತ ಕೇಳಿದ್ದು ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡದೆ ನಾನು ಪೈಪೋಟಿ, ಉಳಿತಾಯ ಅಂತ ಎಷ್ಟು ಹೇಳಿದರೂ ಅದು ಅರ್ಧ ಮಾತು.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಆಗಿದ್ದನ್ನ ಓದಿದ್ದೀರಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐದು ಜನ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಹೆರಿಗೆಗೆ ನಡೆದುಕೊಂಡು ಹೋದ ಹೆಣ್ಣುಮಕ್ಕಳು. ಅವರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ಅನ್ನೋ ಗ್ಲೂಕೋಸಿನಂಥ ದ್ರಾವಣದ ಮೇಲೆ ಸಂಶಯ ಬಂತು. ಹೊರ ರಾಜ್ಯದ ಕಂಪನಿಯ ಮಾಲು, ನಮ್ಮ ನಿಗಮ ಟೆಂಡರಿನಲ್ಲೇ ಕೊಂಡಿದ್ದು. ಅದಕ್ಕೂ ಮುಂಚೆಯೇ ನಮ್ಮ ರಾಜ್ಯದ ಪ್ರಯೋಗಾಲಯ ಆ ಕಂಪನಿಯ ಕೆಲವು ಬ್ಯಾಚು ಗುಣಮಟ್ಟಕ್ಕಿಲ್ಲ ಅಂದಿತ್ತು. ಕಂಪನಿ ಒಪ್ಪಲಿಲ್ಲ, ಕೇಂದ್ರದ ಪ್ರಯೋಗಾಲಯಕ್ಕೆ ಹೋಯಿತು, ಅಲ್ಲಿ ಕೆಲವು ಬ್ಯಾಚು ಸರಿಯಿದೆ ಅಂತ ಬಂತು. ತಡೆದು ಇಟ್ಟಿದ್ದ ದಾಸ್ತಾನು ಮತ್ತೆ ಆಸ್ಪತ್ರೆಗಳಿಗೆ ಹೋಯಿತು. ಅಧಿಕಾರಿಗಳ ಅಮಾನತು, ತನಿಖೆ, ಎಲ್ಲ ಆಮೇಲೆ ಆದವು. ಆ ಮಕ್ಕಳಿಗೆ ತಾಯಿ ಇಲ್ಲ.

ನಾವು ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕ್ತೀವಿ. ಒಂದು ಲೀಟರು ಹಾಕಲಿ, ಹತ್ತು ಲೀಟರು ಹಾಕಲಿ, ಲ್ಯಾಕ್ಟೋಮೀಟರ್ ಬಿಡದೆ ಒಂದು ಹನಿ ತಗೊಳ್ಳಲ್ಲ. ಜಿಡ್ಡು ನೋಡ್ತಾರೆ, ನೀರು ನೋಡ್ತಾರೆ. ಸ್ವಲ್ಪ ಕಮ್ಮಿ ಬಂದರೆ ಹತ್ತು ಜನರ ಮುಂದೆ ಕ್ಯಾನು ವಾಪಸ್ಸು. ನಾವು ಅದನ್ನ ಅವಮಾನ ಅಂದುಕೊಳ್ಳಲ್ಲ, ಆ ಹಾಲನ್ನ ಯಾರದೋ ಮಗು ಕುಡಿಯುತ್ತೆ ಅಂತ ಗೊತ್ತು. ಬಾಣಂತಿಯ ರಕ್ತನಾಳಕ್ಕೆ ಏರಿಸೋ ಬಾಟಲಿಗೆ ನಮ್ಮ ಒಂದು ಕ್ಯಾನು ಹಾಲಿಗಿರೋ ಕಟ್ಟುನಿಟ್ಟಾದರೂ ಬೇಡವಾ?

ಹಾಗಾದರೆ ಕಮ್ಮಿ ಬೆಲೆಯೇ ತಪ್ಪಾ ಅಂದರೆ, ಅಲ್ಲ ತಾತ. ದುಬಾರಿ ಮಾಲೂ ಕೆಟ್ಟಿರಬಹುದು. ಮಾಲು ಕೆಟ್ಟಿದೆ ಅಂತ ಬೆಲೆ ಹೇಳಲ್ಲ, ಪರೀಕ್ಷೆ ಹೇಳುತ್ತೆ. ಕಂಪನಿ ಹೆಸರಿನ ಮಾತ್ರೆಯ ಬೆಲೆಯಲ್ಲಿ ಬಹಳಷ್ಟು ಔಷಧಿಯದ್ದಲ್ಲ. ಏಜೆಂಟು, ಸೂಟು ಬೂಟು, ಡಾಕ್ಟರಿಗೆ ಕೊಡೋ ಉಡುಗೊರೆ, ಅಂಗಡಿಯವನ ಕಮಿಷನ್ನು, ಎಲ್ಲ ಅದರಲ್ಲಿದೆ. ಅದನ್ನ ಕತ್ತರಿಸಿದರೆ ಔಷಧಿಯ ಸತ್ವ ಕಮ್ಮಿಯಾಗಲ್ಲ. ಆದರೆ ಎಲ್ಲರಿಗಿಂತ ಕಮ್ಮಿ ಬರೆದವನಿಗೆ ಆರ್ಡರು ಕೊಟ್ಟು, ಪರೀಕ್ಷೆಯನ್ನ ಸಡಿಲ ಬಿಟ್ಟರೆ ಆ ಪೈಪೋಟಿ ಕಳ್ಳರ ಪೈಪೋಟಿಯಾಗುತ್ತೆ. ನೀರು ಬೆರೆಸಿದವನ ಹಾಲು ಯಾವಾಗಲೂ ಅಗ್ಗವೇ. ಅವನ ಜೊತೆ ನಿಯತ್ತಿನವನು ಹೆಂಗೆ ಪೈಪೋಟಿ ಮಾಡ್ತಾನೆ? ಪರೀಕ್ಷೆ ಗಟ್ಟಿಯಾಗಿದ್ದರೆ ಮಾತ್ರ ಒಳ್ಳೆಯವನು ಟೆಂಡರಿಗೆ ಬರ್ತಾನೆ.

ಪೈಪೋಟಿ ನಿಜವಾಗಿದ್ದರೆ ಎಷ್ಟು ಇಳಿಯುತ್ತೆ ಅನ್ನೋದಕ್ಕೆ ಒಂದು ಹೊರಗಿನ ಉದಾಹರಣೆ ಹೇಳಿಬಿಡ್ತೀನಿ. ಏಡ್ಸ್ ರೋಗದ ಮೂರು ಔಷಧಿ ಸೇರಿಸಿ ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲೆ ವಿದೇಶಿ ಕಂಪನಿಗಳು ವಸೂಲು ಮಾಡ್ತಿದ್ದವು. 2001ರ ಫೆಬ್ರವರಿಯಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಮ್ಮಿಗೆ ಕೊಡ್ತೀನಿ ಅಂತು. ಒಬ್ಬ ಹೊಸ ಮಾರಾಟಗಾರ ಸಂತೆಗೆ ಬಂದ, ಅಷ್ಟೇ. ಆಮೇಲೆ ಇನ್ನೂ ಇಳಿಯಿತು, ಆಫ್ರಿಕಾದಲ್ಲಿ ಲಕ್ಷಾಂತರ ಜನ ಉಳಿದರು.

ಮಾರೋರು ಇಬ್ಬರೋ ಮೂವರೋ ಇರುವಾಗ? ಇದಕ್ಕೂ ನಮ್ಮದೇ ಉದಾಹರಣೆ, ಹಾವು ಕಡಿತದ ಔಷಧಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಚುಚ್ಚುಮದ್ದು. ವಿಷವನ್ನ ಬಹುಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘ ತೆಗೆದುಕೊಡುತ್ತೆ, 1978ರಿಂದ ಇರೋ ಸಂಘ. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು ಅದರ ರಕ್ತದಿಂದ ಮದ್ದು ಮಾಡ್ತಾರೆ. ಈ ಕೆಲಸ ಮಾಡೋ ಕಾರ್ಖಾನೆಗಳು ದೇಶದಲ್ಲೇ ಬೆರಳೆಣಿಕೆ. ರಾತ್ರಿ ನೀರು ಕಟ್ಟೋಕೆ ಹೋದ ರೈತನಿಗೆ ಮಂಡಲ ಕಡಿದರೆ ಹತ್ತು ಬಾಟಲಿಯಿಂದ ಶುರು, ಇಪ್ಪತ್ತಕ್ಕೂ ಹೋಗಬಹುದು. ಆ ಹೊತ್ತಿನಲ್ಲಿ ಟೆಂಡರು, ಪೈಪೋಟಿ ಅಂದರೆ ಏನು ಅರ್ಥ? ಇಲ್ಲಿ ಬೇಕಾದ್ದು ಲಕೋಟೆ ಯುದ್ಧ ಅಲ್ಲ. ವರ್ಷಕ್ಕೆ ಎಷ್ಟು ಬೇಕು ಅಂತ ಮೊದಲೇ ಲೆಕ್ಕ ಹಾಕಿ, ಎರಡು ಮೂರು ವರ್ಷದ ಆರ್ಡರು ಒಟ್ಟಿಗೆ ಕೊಟ್ಟು, ಒಬ್ಬನ ಮೇಲೇ ನೆಚ್ಚಿಕೊಳ್ಳದೆ ಇಬ್ಬರು ಮೂವರಿಗೆ ಹಂಚಿ ಕೊಳ್ಳೋದು. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಸಾರಿತು. ಇದರಿಂದ ಲೆಕ್ಕವಾದರೂ ಸಿಗುತ್ತೆ. ಲೆಕ್ಕ ಸಿಕ್ಕರೆ ಆರ್ಡರು ಸರಿಯಾಗಿ ಹಾಕಬಹುದು.

ಪೈಪೋಟಿಯಿಂದ ಆಗದ ಕಡೆ ಸರ್ಕಾರ ಬೆಲೆ ಕಟ್ಟಬೇಕು. ಹೃದಯಕ್ಕೆ ಹಾಕೋ ಸ್ಟೆಂಟಿಗೆ ಲಕ್ಷಕ್ಕೂ ಮೇಲೆ ಕೀಳ್ತಿದ್ದರು. 2017ರ ಫೆಬ್ರವರಿಯಲ್ಲಿ ಔಷಧಿ ಲೇಪಿಸಿದ್ದಕ್ಕೆ 29,600 ರೂಪಾಯಿ, ಸಾದಾ ಲೋಹದ್ದಕ್ಕೆ 7,260 ರೂಪಾಯಿ ಮೀರಬಾರದು ಅಂತ ಕಟ್ಟಿದರು. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದವನು ಚೌಕಾಸಿ ಮಾಡ್ತಾನಾ? ನಮ್ಮ ರಾಗಿಗೆ ಬೆಂಬಲ ಬೆಲೆ ಕೇಳೋದೂ ಇದೇ ನ್ಯಾಯದಿಂದ. ಹಸಿದವನ ಜೊತೆ, ಕಾಯಿಲೆಯವನ ಜೊತೆ ಸಂತೆ ವ್ಯಾಪಾರ ಸಲ್ಲದು.

ಈಗ ನಮ್ಮ ಕೆ.ಜಿ.ಎಫ್. ವಿಷಯಕ್ಕೆ ಬರ್ತೀನಿ, ಇದನ್ನ ಹೇಳದೆ ಕೆಳಗಿಳಿಯಲ್ಲ. ಚಿನ್ನದ ಗಣಿ ನಡೀತಿದ್ದಾಗ ಕಂಪನಿಗೆ ತನ್ನದೇ ದೊಡ್ಡ ಆಸ್ಪತ್ರೆ ಇತ್ತು. ಗಣಿಯಲ್ಲಿ ಕಲ್ಲುಧೂಳು ಕುಡಿದು ಎದೆ ಕೆಟ್ಟವರು, ಅವರ ಹೆಂಡಿರು ಮಕ್ಕಳು ಅಲ್ಲಿಗೆ ಹೋಗ್ತಿದ್ದರು. ಕಂಪನಿ ಧರ್ಮಕ್ಕೆ ಮಾಡ್ತಿತ್ತು ಅಂತಲ್ಲ, ಆಳು ಬೇಕಾಗಿತ್ತು, ಮಾಡ್ತಿತ್ತು. ನಮ್ಮ ಹಳ್ಳಿಯವರು ಗಣಿಯವರ ಪರಿಚಯ ಹಿಡಿದುಕೊಂಡು ಹೋಗಿದ್ದೂ ಉಂಟು, ಚಿಕ್ಕವನಿದ್ದಾಗ ನನ್ನನ್ನೂ ಒಮ್ಮೆ ಹಾಗೆ ಹೊತ್ತುಕೊಂಡು ಹೋಗಿದ್ದರಂತೆ. ಸಾವಿರಾರು ಸಂಸಾರಕ್ಕೆ ಒಬ್ಬನೇ ಗಿರಾಕಿಯಾಗಿ ಕಂಪನಿ ಔಷಧಿ ಕೊಳ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಿಪ್ಲಾ ಬೆಲೆ ಇಳಿಸಿದ ತಿಂಗಳೇ, ನೋಡಿ. ಆಸ್ಪತ್ರೆಯೂ ಪಾಳುಬಿತ್ತು, 2021ರಲ್ಲಿ ಕೋವಿಡ್ ಎರಡನೆಯ ಅಲೆ ಬಂದಾಗ ಕಸ ಗುಡಿಸಿ, ಸುಣ್ಣ ಬಳಿದು ಮತ್ತೆ ಮಂಚ ಹಾಕಬೇಕಾಯಿತು. ಒಟ್ಟಿಗೆ ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಹೋದ. ಅವನ ಜಾಗದಲ್ಲಿ ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಯ ಅಂಗಡಿ ಮುಂದೆ ಹತ್ತು ಮಾತ್ರೆ, ಐದು ಮಾತ್ರೆ ಬಿಡಿಯಾಗಿ ಕೊಳ್ಳೋ ಸಾವಿರಾರು ಚಿಲ್ಲರೆ ಗಿರಾಕಿಗಳು ಬಂದರು. ಚಿಲ್ಲರೆ ಗಿರಾಕಿಗೆ ಚೌಕಾಸಿಯ ಬಲ ಎಲ್ಲಿದೆ? ಅವರೂ ನಾವೂ ಈಗ ಒಂದೇ ಸಾಲಿನಲ್ಲಿ ನಿಂತಿದ್ದೀವಿ. ಅದಕ್ಕೇ ಈ ಕೆಲಸಕ್ಕೆ ಗಣಿಯ ಹಳೆ ಕಾರ್ಮಿಕರನ್ನೂ ಕರೆಯೋಣ ಅಂತ ನನ್ನ ಸಲಹೆ. ಅವರದ್ದು ತಮಿಳು, ನಮ್ಮದು ಕನ್ನಡ ತೆಲುಗು ಅನ್ನೋ ಮಾತು ಇಲ್ಲಿ ಬೇಡ.

ಜನೌಷಧಿ ಅಂಗಡಿ ಇದೆಯಲ್ಲ ಅಂತ ಕೆಲವರು ಕೇಳಬಹುದು. ಇದೆ, 2008ರಿಂದ ದೇಶದಲ್ಲಿದೆ, ಅಲ್ಲಿ ಬೆಲೆ ಕಮ್ಮಿ ಇರೋದೂ ನಿಜ, ಅವರೂ ಟೆಂಡರಿನಲ್ಲಿ ಮೂಲ ಹೆಸರಿನ ಔಷಧಿ ಕೊಳ್ಳೋದರಿಂದ. ನನ್ನ ತಾಯಿಯ ಕೊನೆ ವರ್ಷಗಳಲ್ಲಿ ನಾನೂ ಅಲ್ಲಿ ತಂದೆ. 2025ರಲ್ಲಿ ನಮ್ಮ ರಾಜ್ಯ ಸರ್ಕಾರ, ಸರ್ಕಾರಿ ಆಸ್ಪತ್ರೆ ಆವರಣದಲ್ಲಿ ಆ ಅಂಗಡಿಗಳು ಬೇಡ, ಒಳಗೆ ನಾವೇ ಉಚಿತವಾಗಿ ಕೊಡ್ತೀವಿ ಅಂತು. ಅದು ಹೈಕೋರ್ಟಿಗೂ ಹೋಯಿತು. ಕೋರ್ಟಿನ ಮಾತು ಕೋರ್ಟಿಗೆ. ನಮಗೆ ಬೇಕಾದ್ದು ಆ ಒಂದು ವಾಕ್ಯ. ಒಳಗೆ ಉಚಿತವಾಗಿ ಕೊಡ್ತೀವಿ ಅಂತ ಸರ್ಕಾರವೇ ಬಾಯಿಬಿಟ್ಟು ಹೇಳಿದೆ. ಅದನ್ನ ಹಿಡಿದುಕೊಳ್ಳೋಣ.

ಹೆಂಗೆ? ಘೋಷಣೆ ಕೂಗೋದು ಆಮೇಲೆ. ಮೊದಲು ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಪದ ಮೀರಬಾರದು, ಅದನ್ನೇ ನೆಪ ಮಾಡಿ ವಾಪಸ್ಸು ಕಳಿಸ್ತಾರೆ, ಜೋಪಾನ. ಒಂದು ಅರ್ಜಿ ಹೀಗೆ: ಕಳೆದ ಹನ್ನೆರಡು ತಿಂಗಳಲ್ಲಿ ಈ ಆಸ್ಪತ್ರೆಯಲ್ಲಿ ಯಾವ ಯಾವ ಔಷಧಿ ಎಷ್ಟು ದಿನ ದಾಸ್ತಾನಿರಲಿಲ್ಲ? ಇನ್ನೊಂದು: ಆ ಅವಧಿಯಲ್ಲಿ ಸ್ಥಳೀಯವಾಗಿ ಕೊಂಡ ಔಷಧಿ ಯಾವುದು, ಎಷ್ಟಕ್ಕೆ, ಎಷ್ಟು ಜನರಿಂದ ದರಪಟ್ಟಿ ತರಿಸಿದ್ದಿರಿ? ಮೂರನೆಯದು ಬೆಂಗಳೂರಿಗೆ, ನಿಗಮಕ್ಕೆ: ಅದೇ ಔಷಧಿಗೆ ನಿಮ್ಮ ಟೆಂಡರಿನ ದರ ಎಷ್ಟು? ಎರಡನೆಯದನ್ನೂ ಮೂರನೆಯದನ್ನೂ ಪಕ್ಕ ಪಕ್ಕ ಇಟ್ಟರೆ ಸೋರಿದ್ದು ಎಷ್ಟು ಅಂತ ನಮ್ಮ ಐದನೇ ಕ್ಲಾಸಿನ ಮಕ್ಕಳೂ ಕಳೆದು ಹೇಳ್ತಾರೆ. ಆಸ್ಪತ್ರೆ ನೌಕರರ ಮೇಲೆ ಯಾರೂ ಕೂಗಾಡಬೇಡಿ. ಔಷಧಿ ಇಲ್ಲ ಅಂತ ಹೇಳೋ ಆ ಹುಡುಗಿಗೂ ಬೈಸಿಕೊಂಡು ಸಾಕಾಗಿದೆ.

ಆರೋಗ್ಯ ರಕ್ಷಾ ಸಮಿತಿಯ ಸಭೆ ಯಾವಾಗ ನಡೀತು, ಅದರಲ್ಲಿ ನಮ್ಮ ಕಡೆಯವರು ಯಾರಿದ್ದಾರೆ ಅನ್ನೋದನ್ನೂ ಕೇಳೋಣ. ಆಮೇಲೆ, ನಿಮ್ಮ ಮನೆಯ ಹಳೆ ಔಷಧಿ ಚೀಟಿ, ಅಂಗಡಿ ಬಿಲ್ಲು ಯಾರೂ ಬಿಸಾಕಬೇಡಿ. "ಹೊರಗಡೆ" ಅಂತ ಬರೆದ ಚೀಟಿ ಇದ್ದರೆ ಅದು ನಮಗೆ ಪಹಣಿಯಷ್ಟೇ ಬೆಲೆಯ ಕಾಗದ. ಬೂದಿಕೋಟೆ ಕಡೆಯವರು, ಕಾಮಸಮುದ್ರ ಕಡೆಯವರು, ಬೇತಮಂಗಲದವರು, ಹೋಬಳಿಗೆ ಇಬ್ಬರಂತೆ ಹೆಸರು ಕೊಡಿ. ಅರ್ಜಿ ನಮೂನೆ ನಾನು ಬರೆದು ತಂದಿದ್ದೀನಿ, ಮೇಜಿನ ಮೇಲಿದೆ. ಹಾಲು ಹಾಕೋ ಹೊತ್ತಾಯಿತು ಅಂತ ಹಿಂದೆ ಕೂತವರು ಎದ್ದು ನಿಂತಿದ್ದಾರೆ, ಹೋಗೋಕೆ ಮುಂಚೆ ಸಹಿ ಹಾಕಿ ಹೋಗಿ. ಪೆನ್ನು ಅಲ್ಲೇ ಇದೆ.